ವಿದೇಶಿ ಲಿಥಿಯಂ ಹೂಡಿಕೆಯ ಅಧ್ಯಯನಕ್ಕೆ ವಿಶ್ವವಿದ್ಯಾಲಯದ ಪರವಾಗಿ ಅನುದಾನ ಕೇಳುವಾಗ ಅರ್ಜಿ ಹೇಗಿರಬೇಕು?

‘ಭಾರತದ ಖನಿಜ ಹೂಡಿಕೆ’ ಎಂಬಷ್ಟು ಅಗಲದ ವಿಷಯ ಬೇಡ, ಒಂದೇ ಒಪ್ಪಂದ ಹಿಡಿಯಿರಿ. 2024ರ ಜನವರಿಯಲ್ಲಿ ಭಾರತ ಸರ್ಕಾರದ ಸಂಸ್ಥೆ ಕಾಬಿಲ್ ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದಲ್ಲಿ ಪಡೆದ 5 ಲಿಥಿಯಂ ಅನ್ವೇಷಣಾ ಬ್ಲಾಕ್‌ಗಳು ಒಳ್ಳೆಯ ಉದಾಹರಣೆ: 15,703 ಹೆಕ್ಟೇರ್, ಅಂದಾಜು 200 ಕೋಟಿ ರೂಪಾಯಿ. ಅಲ್ಲಿ ಖನಿಜದ ಒಡೆತನ ಪ್ರಾಂತ್ಯದ್ದು, ಕೇಂದ್ರದ್ದಲ್ಲ. ಹಾಗಾಗಿ ರಾಜಧಾನಿಯ ಕಡತಗಳಷ್ಟೇ ಸಾಲವು. ಸ್ಪ್ಯಾನಿಷ್ ಅನುವಾದ, ಕ್ಷೇತ್ರಕಾರ್ಯದ ಖರ್ಚನ್ನು ಬಜೆಟ್‌ನಲ್ಲಿ ಮೊದಲೇ ಬೇರೆಯಾಗಿ ತೋರಿಸಿ.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. 1 ಟನ್ ಲಿಥಿಯಂ ಎಂದರೆ ಸುಮಾರು 5.32 ಟನ್ ಲಿಥಿಯಂ ಕಾರ್ಬೊನೇಟ್. ಎರಡನ್ನೂ ಬೆರೆಸಿದರೆ ಆದಾಯದ ಅಂದಾಜು ಐದು ಪಟ್ಟು ತಪ್ಪುತ್ತದೆ, ಪರಿಶೀಲಕರು ಅಲ್ಲೇ ಅರ್ಜಿ ಮುಚ್ಚಿಡುತ್ತಾರೆ.

ಅರ್ಥಶಾಸ್ತ್ರ, ನೀತಿಯ ಅಧ್ಯಯನವಾದರೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, ಅಂದರೆ ಐಸಿಎಸ್‌ಎಸ್‌ಆರ್ ಸೂಕ್ತ. ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ನ ಉತ್ಕೃಷ್ಟತಾ ಕೇಂದ್ರಗಳ ಒಲವು ಸಂಸ್ಕರಣಾ ತಂತ್ರಜ್ಞಾನದ ಕಡೆಗೆ.