ಹತ್ತು ಫಾಂಟ್ ಬದಲಿಸಿದರೂ ಪೋಸ್ಟರ್ ಕೂರುತ್ತಿಲ್ಲ

ಪ್ರಶ್ನೆ: ನಮ್ಮ ಸಂಘದ ನಾಟಕಕ್ಕೆ ಎ3 ಅಳತೆಯ ಪೋಸ್ಟರ್ ಮಾಡುತ್ತಿದ್ದೇನೆ. ಹತ್ತು ಫಾಂಟ್ ಬದಲಿಸಿದರೂ ಕಣ್ಣಿಗೆ ಹಿಡಿಸುತ್ತಿಲ್ಲ. ವಿನ್ಯಾಸಕ್ಕೆ ಒಂದು ಕ್ರಮ ಅಂತ ಇದೆಯೇ, ಇಲ್ಲಾ ಅದು ಹುಟ್ಟಿನಿಂದಲೇ ಬರಬೇಕೇ?

ಉತ್ತರ: ಕ್ರಮ ಇದೆ, ಆದರೆ ನೆಟ್ಟಗೆ ಮುಂದಕ್ಕೇ ಸಾಗುವಂಥದ್ದಲ್ಲ. ನೀವು ಕಂಪ್ಯೂಟರ್ ಮುಂದೆ ಬೇಗ ಕೂತಿದ್ದೀರಿ, ತೊಡಕು ಅಲ್ಲೇ ಶುರು. ಪರದೆಯ ಮೇಲೆ ಮೊದಲು ಹೊಳೆದದ್ದಕ್ಕೇ ಸಿಂಗಾರ ಮಾಡುತ್ತಾ ಹೋಗುತ್ತೇವೆ. ಬೆಂಕಿಪೊಟ್ಟಣದಷ್ಟು ಚಿಕ್ಕ ಎಂಟು ಚೌಕಟ್ಟು ಹಾಕಿ, ಪೆನ್ಸಿಲ್‌ನಲ್ಲಿ ಎಂಟು ಬೇರೆಬೇರೆ ಜೋಡಣೆ ಗೀಚಿ. ಅಷ್ಟು ಜಾಗದಲ್ಲಿ ಫಾಂಟ್ ಆರಿಸಲು ಬರುವುದಿಲ್ಲ. ಯಾವುದು ದೊಡ್ಡದು, ಎಲ್ಲಿ ಖಾಲಿ ಬಿಡಬೇಕು ಅಂತಷ್ಟೇ ಯೋಚಿಸಬೇಕಾಗುತ್ತದೆ. ಮೊದಲ ಮೂರು ಎಲ್ಲರಿಗೂ ಹೊಳೆಯುವಂಥವೇ ಆಗಿರುತ್ತವೆ.

ಒಂದನ್ನು ಆರಿಸಿ ಪೂರ್ತಿ ಪಠ್ಯ ಕೂರಿಸಿ. ಆಗ ಪ್ರಶ್ನೆಯೇ ಬದಲಾಗುತ್ತದೆ. ನಾಟಕದ ಹೆಸರು ಮುಖ್ಯ ಅಂದುಕೊಂಡಿದ್ದಿರಿ, ಅತಿಥಿಗಳ ಪಟ್ಟಿ ಅರ್ಧ ಹಾಳೆ ನುಂಗಿರುತ್ತದೆ. ಅಕ್ಷರ ಕುಗ್ಗಿಸಿ ತೇಪೆ ಹಾಕಬೇಡಿ. ಹಿಂದಕ್ಕೆ ಹೋಗಿ, ಇದು ಯಾರ ಕಣ್ಣಿಗೆ ಬೀಳಬೇಕು ಅಂತ ಕೇಳಿಕೊಳ್ಳಿ. ಬಸ್ ನಿಲ್ದಾಣದಲ್ಲಿ ನಿಂತವರಿಗೆ ನಾಟಕದ ಹೆಸರು, ದಿನ, ಹೊತ್ತು, ಜಾಗ ಸಾಕು. ಪಟ್ಟಿ ಆಮಂತ್ರಣ ಪತ್ರಿಕೆಗೆ ಹೋಗಲಿ. (ಅಧ್ಯಕ್ಷರ ಭಾವಚಿತ್ರದ ವಿಷಯ ಮಾತ್ರ ನೀವು ನೀವೇ ಬಗೆಹರಿಸಿಕೊಳ್ಳಬೇಕು.)

ಇನ್ನು ಒತ್ತಕ್ಷರ. ತಂತ್ರಾಂಶ ತಾನಾಗಿ ಕೊಡುವ ಸಾಲಿನ ಅಂತರ ಸಾಮಾನ್ಯವಾಗಿ ಅಕ್ಷರದ ಅಳತೆಯ 120%. ಅದು ಇಂಗ್ಲಿಷ್ ಅಕ್ಷರದ ಲೆಕ್ಕ. 'ರಾಷ್ಟ್ರ'ದ ಒತ್ತುಗಳು ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತವೆ. 12 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 17 ಅಥವಾ 18 ಪಾಯಿಂಟ್‌ನಿಂದ ಶುರುಮಾಡಿ. ಎರಡು ಸಾಲಿನ ಶೀರ್ಷಿಕೆಯಲ್ಲಿ ಮೇಲಿನ ಸಾಲಿಗೆ ಒತ್ತೇ ಇಲ್ಲದಿದ್ದರೆ ಅದೇ ಅಂತರ ಸಡಿಲ ಕಾಣುತ್ತದೆ. ಅಲ್ಲಿ ಕಣ್ಣಳತೆಯಲ್ಲೇ ಬಿಗಿಮಾಡಿ.

ಪ್ರಶ್ನೆ: ಶೀರ್ಷಿಕೆ ಹಾಳೆ ತುಂಬಲಿ ಎಂದು ಅಕ್ಷರಗಳನ್ನು ಅಡ್ಡಕ್ಕೆ ಎಳೆಯಬಹುದೇ?

ಉತ್ತರ: ಬೇಡ. ನಿಂತ ಗೆರೆ ದಪ್ಪವಾಗುತ್ತದೆ, ಮಲಗಿದ ಗೆರೆ ಇದ್ದಷ್ಟೇ ಇರುತ್ತದೆ. 'ಠ' ಮೊಟ್ಟೆಯಾಗುತ್ತದೆ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದರೆ ಕೆಲವು ತಂತ್ರಾಂಶಗಳಲ್ಲಿ 'ಕೀ'ಯ ದೀರ್ಘ ಕಳಚಿಕೊಂಡು ದೂರ ನಿಲ್ಲುತ್ತದೆ. ಅಗಲವಾಗಿಯೇ ಬರೆದ ಫಾಂಟ್ ಹುಡುಕಿ, ಇಲ್ಲವೇ ಸಾಲು ಒಡೆಯಿರಿ.

ಪ್ರೆಸ್‌ಗೆ ಕಳಿಸುವಾಗ ಹಿನ್ನೆಲೆಯ ಬಣ್ಣವನ್ನು ನಾಲ್ಕೂ ಕಡೆ 3 ಮಿ.ಮೀ. ಹೊರಚಾಚಿ, ಇಲ್ಲದಿದ್ದರೆ ಕತ್ತರಿಸುವಾಗ ಕೂದಲೆಳೆಯಷ್ಟು ಜರುಗಿದರೂ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತದೆ. ಅದಕ್ಕೂ ಮೊದಲು ಎರಡು ಎ4 ಹಾಳೆಯಲ್ಲಿ ಮುದ್ರಿಸಿ, ಜೋಡಿಸಿ ಗೋಡೆಗೆ ಅಂಟಿಸಿ, 3 ಮೀಟರ್ ದೂರ ನಿಂತು ನೋಡಿ. ದಿನಾಂಕ ಓದಲು ಬರದಿದ್ದರೆ ಮತ್ತೆ ಬೆಂಕಿಪೊಟ್ಟಣದ ಚೌಕಟ್ಟಿಗೆ.