ಐದು ತಿಂಗಳ ಮಂಡಿ, ಮುಂದಿನ ತಿಂಗಳ ಜಾತ್ರೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವಯಸ್ಸು 24. ಮಂಡ್ಯ ಕಡೆಯವರು. ವಾರವಿಡೀ ಗೋದಾಮಿನಲ್ಲಿ ಕೆಲಸ, ಭಾನುವಾರ ಊರಿನ ಕಬಡ್ಡಿ ತಂಡದ ರೈಡರ್. ಬಲ ಮಂಡಿಯ ಎಸಿಎಲ್ (ಮೂಳೆಗಳನ್ನು ಬಿಗಿಹಿಡಿಯುವ ಗಟ್ಟಿ ಪಟ್ಟಿ, ಅಂದರೆ ಲಿಗಮೆಂಟ್) ಹರಿದು, ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದ ಗ್ರಾಫ್ಟ್ (ಕಸಿಗೆ ಬೇಕಾದ ಸ್ನಾಯುರಜ್ಜು) ತೆಗೆದು ಹೊಸ ಲಿಗಮೆಂಟ್ ಕೂರಿಸಿ ಐದು ತಿಂಗಳಾಗಿತ್ತು. ಜಾತ್ರೆಯ ಹೊನಲು ಬೆಳಕಿನ ಪಂದ್ಯಾವಳಿಗೆ ಒಂದೇ ತಿಂಗಳು ಬಾಕಿ. "ನೋವೇ ಇಲ್ಲ ಮೇಡಂ, ಆದ್ರೆ ನಿದ್ದೆ ಬರಲ್ಲ. ಎರಡು ರೈಡ್ ಮಾಡಿಕೊಡು ಸಾಕು ಅಂತಾರೆ ಕ್ಯಾಪ್ಟನ್ ಅಣ್ಣ. ಬರಲ್ಲ ಅಂದ್ರೆ ಹುಡುಗ್ರು ಪುಕ್ಕಲ ಅಂತಾರೆ."

ಕುರ್ಚಿಯಿಂದ ಏಳುವಾಗ ಅವರ ಭಾರವೆಲ್ಲ ಎಡಗಾಲಿನ ಮೇಲಿತ್ತು. ನೋವು ನಿಂತ ಮೂರನೇ ತಿಂಗಳಿಗೇ ಫಿಸಿಯೋಥೆರಪಿ ಬಿಟ್ಟಿದ್ದರು. ಬಹಳ ಜನ ಎಡವುವುದು ಇಲ್ಲೇ. ಕೂರಿಸಿದ ಗ್ರಾಫ್ಟ್‌ಗೆ ಮೊದಲು ರಕ್ತಸಂಚಾರವಿರುವುದಿಲ್ಲ. ಹೊಸ ರಕ್ತನಾಳ ಬೆಳೆದು ಅದು ಲಿಗಮೆಂಟಿನಂತೆ ಮಾರ್ಪಡಬೇಕು. ಈ ಹಂತದಲ್ಲಿ, ಎರಡು-ಮೂರನೇ ತಿಂಗಳ ಹೊತ್ತಿಗೆ, ಅದು ತೀರಾ ದುರ್ಬಲ. ನೋವು, ಊತ ಇಳಿಯುವುದೂ ಆಗಲೇ. ಪೂರ್ತಿ ಹದಕ್ಕೆ ಬರಲು ವರ್ಷ ದಾಟುತ್ತದೆ.

ಮತ್ತೆ ಆಟಕ್ಕಿಳಿಯುವ ಮನಸ್ಸಿನ ಸಿದ್ಧತೆಯನ್ನು ಅಳೆಯುವ 12 ಪ್ರಶ್ನೆಗಳ ಎಸಿಎಲ್-ಆರ್‌ಎಸ್‌ಐನಲ್ಲಿ ಅವರಿಗೆ ಬಂದದ್ದು 100ಕ್ಕೆ 41. ಫಿಸಿಯೋ ಅಳೆದ ಬಲಗಾಲಿನ ತೊಡೆಬಲ ಎಡಗಾಲಿನದರ ಶೇ 72. ಎರಡೂ ಒಂದೇ ಮಾತು ಹೇಳುತ್ತಿದ್ದವು: ಮನಸ್ಸೂ ಸಿದ್ಧವಿಲ್ಲ, ಕಾಲೂ ಸಿದ್ಧವಿಲ್ಲ. ಹಾಗಾಗಿ ಭಯ ಓಡಿಸುವ ಕೆಲಸಕ್ಕೆ ನಾವು ಮೊದಲು ಕೈಹಾಕಲಿಲ್ಲ.

ಕೊಟ್ಟ ಸಲಹೆ: ಈ ಪಂದ್ಯಾವಳಿ ಬೇಡ. ಲಿಗಮೆಂಟ್ ಹರಿಯಲು ಒಂದೇ ರೈಡ್ ಸಾಕು. ನಾರ್ವೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂಬತ್ತನೇ ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಒಂಬತ್ತು ತಿಂಗಳಾದ ಮೇಲೂ ತೊಡೆಬಲ ಮತ್ತು ಒಂಟಿಕಾಲ ಜಿಗಿತ ಇನ್ನೊಂದು ಕಾಲಿನ ಶೇ 90 ಮುಟ್ಟಿರಬೇಕು. ಆದರೆ ಈ ಅಂಕಿಯೂ ಮೋಸ ಮಾಡುತ್ತದೆ: ಆಡದೆ ಕೂತ ತಿಂಗಳುಗಳಲ್ಲಿ ಒಳ್ಳೆಯ ಕಾಲೂ ಸೊರಗಿರುತ್ತದೆ.

ವಾರಕ್ಕೆ ಮೂರು ದಿನ ಫಿಸಿಯೋ ನಿಗಾದಲ್ಲಿ ಲೆಗ್ ಪ್ರೆಸ್ (ಕಾಲಿನಿಂದ ಭಾರ ತಳ್ಳುವುದು), ಹ್ಯಾಮ್‌ಸ್ಟ್ರಿಂಗ್ ಕರ್ಲ್ (ಭಾರದೆದುರು ಮಂಡಿ ಮಡಚುವುದು). ಮನೆಯಲ್ಲಿ ಒಂದು ಮೆಟ್ಟಿಲಿನಿಂದ ಒಂಟಿಕಾಲಲ್ಲಿ ನಿಧಾನಕ್ಕೆ ಕೆಳಗಿಳಿಯುವುದು, ಸುತ್ತಿಗೆ ಎಂಟು ಸಲದಂತೆ ಮೂರು ಸುತ್ತು, ಕನ್ನಡಿ ಮುಂದೆ. ಮಂಡಿ ಒಳಕ್ಕೆ ವಾಲಿದರೆ ಆ ಸಲ ಲೆಕ್ಕಕ್ಕಿಲ್ಲ. ಮಾರನೇ ಬೆಳಿಗ್ಗೆ ಮಂಡಿ ಊದಿದ್ದರೆ ಭಾರ ಇಳಿಸಬೇಕು.

ಕ್ಯಾಪ್ಟನ್‌ಗೆ ಹೇಳಬೇಕಾದ ಮಾತನ್ನು ನಮ್ಮೆದುರೇ ಹೇಳಿ ರೂಢಿಸಿಕೊಂಡರು: "ಅಣ್ಣ, ಟೆಸ್ಟ್ ಪಾಸಾಗೋವರೆಗೂ ಆಡಲ್ಲ. ಬೆಂಚಲ್ಲಿ ಕೂತು ಎದುರು ತಂಡದ ಡಿಫೆಂಡರ್‌ಗಳನ್ನ ನೋಡಿ ಹೇಳ್ತೀನಿ." ಕಾರಣ ವಿವರಿಸಲು ಹೋದರೆ ಚೌಕಾಸಿ ಶುರುವಾಗುತ್ತದೆ, ಅದಕ್ಕೇ ಇಷ್ಟು ಚಿಕ್ಕದು.

ತೊಡೆಬಲ ಶೇ 80 ದಾಟಿದ ಮೇಲೆ ಭಯವನ್ನು ಹಂತಹಂತವಾಗಿ ಎದುರಿಸುವ ಮೆಟ್ಟಿಲು ಹಾಕಿಕೊಟ್ಟೆವು. ಮ್ಯಾಟ್ ಮೇಲೆ ನಡಿಗೆ, ಗೊತ್ತಿರುವ ಕಡೆಗೆ ತಿರುವು, ಕೂಗಿದ ಕಡೆಗೆ ಹಠಾತ್ ತಿರುವು, ಕೂತಾಗ ಗೆಳೆಯ ಕಣಕಾಲು ಹಿಡಿಯುವುದು, ನಡೆಯುವಾಗ ಹಿಡಿಯುವುದು, ಕೊನೆಗೆ ಓಟದಲ್ಲಿ. ಭಯಕ್ಕೆ 0ಯಿಂದ 10ರವರೆಗೆ ಅಂಕ. ಎರಡು ಅಭ್ಯಾಸದಲ್ಲಿ 3 ಅಥವಾ ಕಡಿಮೆ ಬಂದರಷ್ಟೇ ಮುಂದಿನದು. ಗಾಯವಾದದ್ದೇ ಕಣಕಾಲು ಸಿಕ್ಕಿಬಿದ್ದು ಮಧ್ಯಗೆರೆಯತ್ತ ತಿರುಗಿದಾಗ. ಹಾಗಾಗಿ ಹಿಡಿತದ ಮೆಟ್ಟಿಲುಗಳಿಗೆ ಸಮಯ ಹೆಚ್ಚು ಬೇಕಾಯಿತು.

ಒಂಬತ್ತನೇ ತಿಂಗಳಲ್ಲಿ ತೊಡೆಬಲ ಶೇ 88, ಎಸಿಎಲ್-ಆರ್‌ಎಸ್‌ಐ 63. ನಡೆಯುವಾಗಿನ ಹಿಡಿತಕ್ಕೆ ಭಯ ಇನ್ನೂ 5. ಆಟಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಆರು ವಾರದ ನಂತರ ಮರುಪರೀಕ್ಷೆ.