ವಿದೇಶಿ ಸ್ವಯಂಸೇವಕರ ದೇಣಿಗೆ ಬ್ಯಾಂಕಿನಿಂದ ವಾಪಸ್: ಪ್ರತಿಕ್ರಿಯೆ

ಹಂಪಿ ನೋಡಿಕೊಂಡು ನಿಮ್ಮ ಟ್ರಸ್ಟಿನ ಶಾಲೆಗೆ ಬಣ್ಣ ಹೊಡೆದುಕೊಡಲಿರುವ ವಿದೇಶಿ ತಂಡ ಮುಂಗಡವಾಗಿ ಕಳಿಸಿದ ಹಣ ವಾಪಸ್ ಹೋಗಿದ್ದಕ್ಕೆ ಬಹುಶಃ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಕಾರಣ. ವಿದೇಶಿ ದೇಣಿಗೆ ಮೊದಲು ಬೀಳಬೇಕಾದದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಎಫ್‌ಸಿಆರ್‌ಎ ಖಾತೆಗೆ, ಊರಿನ ಉಳಿತಾಯ ಖಾತೆಗಲ್ಲ.

ಟ್ರಸ್ಟಿಗೆ ಎಫ್‌ಸಿಆರ್‌ಎ ನೋಂದಣಿ ಇದೆಯೋ ಇಲ್ಲವೋ ನಿಮ್ಮ ಪ್ರಶ್ನೆಯಿಂದ ತಿಳಿಯಲಿಲ್ಲ. ಮೊದಲು ಅದನ್ನು ನೋಡಿ. 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಇದ್ದರೆ ದೆಹಲಿ ಖಾತೆಯ ಸಂಖ್ಯೆ ಕೊಟ್ಟು ಮತ್ತೆ ಕಳಿಸಲು ಹೇಳಿ, ಅಲ್ಲಿಗೆ ಮುಗಿಯಿತು. ಇಲ್ಲವಾದರೆ ಹೊಸ ನೋಂದಣಿಗೆ ಸಂಸ್ಥೆಗೆ 3 ವರ್ಷ ತುಂಬಿ, ಹಿಂದಿನ 3 ವರ್ಷಗಳಲ್ಲಿ 15 ಲಕ್ಷ ರೂ. ಖರ್ಚಾಗಿರಬೇಕು. ಅಷ್ಟಾಗಿಲ್ಲವೇ? ಮೊತ್ತ, ಉದ್ದೇಶ ಬರೆದ ಪತ್ರವನ್ನು ದಾನಿಯಿಂದ ತರಿಸಿ, ಈ ದೇಣಿಗೆಗಷ್ಟೇ ಪೂರ್ವಾನುಮತಿ ಕೇಳಿ ಎಫ್‌ಸಿ-3ಬಿ ಅರ್ಜಿ ಹಾಕಿ. ತಂಡ ಬರುವಷ್ಟರಲ್ಲಿ ಸಿಕ್ಕೇ ಸಿಗುತ್ತದೆಂದು ನಂಬಿ ಕೂರಬೇಡಿ.

ಬಂದಾಗ ಕೈಯಲ್ಲೇ ಕೊಡಲಿ ಅನ್ನಲೂಬೇಡಿ. ವಿದೇಶಿಯರು ಕೊಟ್ಟ ರೂಪಾಯಿ ನೋಟೂ ವಿದೇಶಿ ದೇಣಿಗೆಯೇ, ಶಾಲೆಗೆಂದು ತಂದ ಲ್ಯಾಪ್‌ಟಾಪಿಗೂ ಅದೇ ಲೆಕ್ಕ. ನೋಂದಣಿಯಿರುವ ಬೇರೆ ಸಂಸ್ಥೆಯಿಂದ ವರ್ಗಾಯಿಸಿಕೊಳ್ಳುವ ದಾರಿಯನ್ನು 2020ರ ತಿದ್ದುಪಡಿ ಮುಚ್ಚಿಬಿಟ್ಟಿದೆ.

ಬಣ್ಣ ಹೊಡೆಯುವ ಶ್ರಮದಾನಕ್ಕೆ ಇ-ಟೂರಿಸ್ಟ್ ವೀಸಾ ಸಾಕು: ಸಂಭಾವನೆಯಿಲ್ಲದ ಸ್ವಯಂಸೇವೆಗೆ 1 ತಿಂಗಳವರೆಗೆ ಅವಕಾಶವಿದೆ. ಅರ್ಜಿಯಲ್ಲಿ ಬರೀ ಪ್ರವಾಸ ಅಂತ ಹಾಕದೆ ಆ ಉದ್ದೇಶವನ್ನೂ ತಿಳಿಸಲಿ.